ನ್ಯೂಜೆರ್ಸಿಯಲ್ಲಿ ‘ಪ್ರಿಸರ್ವ್ಡ್ ಫಾರ್ಮ್’ ಕೊಳ್ಳುವ ಮುನ್ನ ಡೀಡ್ ಓದುವುದು ಹೇಗೆ?

ಸೇಬು ಕೀಳುವ ಸೀಸನ್ ಬಂತೆಂದರೆ ಈ ಪ್ರಶ್ನೆಗಳೂ ಶುರುವಾಗುತ್ತವೆ. ಎಡಿಸನ್, ಪ್ಲೇನ್ಸ್‌ಬರೋ ಕಡೆಯ ನಮ್ಮವರು ಹಂಟರ್ಡನ್ ಕೌಂಟಿಗೋ ವಾರೆನ್ ಕೌಂಟಿಗೋ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಹಸಿರು ನೋಡಿ ಊರಿನ ತೋಟ ನೆನಪಾಗುತ್ತದೆ. ರಾತ್ರಿ ಮನೆಗೆ ಬಂದವರೇ ಜಮೀನಿನ ಜಾಹೀರಾತು ಹುಡುಕುತ್ತಾರೆ. “ಮೂವತ್ತು ಎಕರೆ, ಹಳೇ ಮನೆ, ದೊಡ್ಡ ಕೊಟ್ಟಿಗೆ ಇದೆ. ಆದರೆ ಬೆಲೆ ಮಾತ್ರ ಸುತ್ತಲಿನ ಜಮೀನಿನ ಅರ್ಧ. ಪ್ರಿಸರ್ವ್ಡ್ ಅಂತ ಬರೆದಿದೆ. ಏನಾದರೂ ಐಬು ಇದೆಯಾ?” ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: “ಆಮೇಲೆ ಕನ್ವರ್ಷನ್ ಮಾಡಿಸ್ಕೋಬಹುದಲ್ವಾ?”

ಪ್ರಿಸರ್ವ್ಡ್ ಅಂದರೆ ಸಾಮಾನ್ಯವಾಗಿ ಸೈಟ್ ಮಾಡುವ ಹಕ್ಕನ್ನು ಮಾರಿ, ಕೃಷಿಗೆಂದೇ ಶಾಶ್ವತವಾಗಿ ಉಳಿಸಿದ ಜಮೀನು. ಐಬು ಇಲ್ಲ. ಕನ್ವರ್ಷನ್ನೂ ಇಲ್ಲ. ಈ ಎರಡು ಉತ್ತರಗಳ ನಡುವೆ ತಿಳಿದುಕೊಳ್ಳಬೇಕಾದ್ದು ಬೇಕಾದಷ್ಟಿದೆ. ಅಷ್ಟನ್ನೂ ಕ್ರಮವಾಗಿ ಬರೆದಿದ್ದೇನೆ. ಕೊನೆಯ ತೀರ್ಮಾನಕ್ಕೆ ಮುಂಚೆ ನ್ಯೂಜೆರ್ಸಿಯ ಕೃಷಿ ಜಮೀನಿನ ವ್ಯವಹಾರ ಗೊತ್ತಿರುವ ವಕೀಲರಿಗೆ ತೋರಿಸಲೇಬೇಕು. ಮನೆ ರಿಜಿಸ್ಟ್ರೇಷನ್ ಮಾಡಿಸಿಕೊಟ್ಟ ವಕೀಲರಿಗೆಲ್ಲ ಇದು ಗೊತ್ತಿರುವುದಿಲ್ಲ.

ಮೊದಲು, ಬೆಲೆ ಯಾಕೆ ಕಡಿಮೆ?

ಜಮೀನಿನ ಒಡೆತನ ಅಂದರೆ ಒಂದೇ ಹಕ್ಕಲ್ಲ. ಉಳುವುದು, ಬೇಲಿ ಹಾಕುವುದು, ಗುತ್ತಿಗೆಗೆ ಕೊಡುವುದು, ಅಡ ಇಡುವುದು, ಮಾರುವುದು, ಮಕ್ಕಳಿಗೆ ಬಿಟ್ಟುಹೋಗುವುದು, ಸೈಟ್ ಮಾಡಿ ಮನೆ ಕಟ್ಟುವುದು, ಇವೆಲ್ಲ ಬೇರೆ ಬೇರೆ ಹಕ್ಕುಗಳು. ನ್ಯೂಜೆರ್ಸಿಯಲ್ಲಿ ಕೃಷಿಕ ತನ್ನಿಷ್ಟದಿಂದ ಇವುಗಳಲ್ಲಿ ಕೊನೆಯದನ್ನು ಮಾತ್ರ ಸರ್ಕಾರಕ್ಕೆ ಅಥವಾ ಲ್ಯಾಂಡ್ ಟ್ರಸ್ಟ್‌ಗೆ (ಜಮೀನು ಉಳಿಸುವ ಲಾಭರಹಿತ ಸಂಸ್ಥೆ) ಮಾರಿ ದುಡ್ಡು ತೆಗೆದುಕೊಳ್ಳಬಹುದು. ಆ ಮಾರಾಟದ ಪತ್ರವೇ ‘ಡೀಡ್ ಆಫ್ ಈಸ್ಮೆಂಟ್’. ಊರಲ್ಲಿ ಈಸ್ಮೆಂಟ್ ಅಂದರೆ ಪಕ್ಕದವರ ಹೊಲದ ಮೇಲೆ ದಾರಿ, ನೀರಿನ ಕಾಲುವೆ ಅಂತಷ್ಟೇ ಅರ್ಥ ಮಾಡಿಕೊಳ್ಳುತ್ತೇವೆ. ಇಲ್ಲಿ ಕೃಷಿಯಲ್ಲದ ಬಳಕೆಯನ್ನು ಶಾಶ್ವತವಾಗಿ ತಡೆಯುವ ಹಕ್ಕು ಇನ್ನೊಬ್ಬರ ಕೈಯಲ್ಲಿರುತ್ತದೆ. ಹಾಗಂತ ಜಮೀನು ಸರ್ಕಾರದ್ದಾಗುವುದಿಲ್ಲ. ಸಾರ್ವಜನಿಕರು ಬಂದು ಓಡಾಡುವ ಹಾಗೂ ಇಲ್ಲ. ನಿಮ್ಮ ಗೇಟು ನಿಮ್ಮದೇ.

ಲೆಕ್ಕ ಹೀಗಿರುತ್ತದೆ. ಉದಾಹರಣೆಗೆ ಸೈಟ್ ಮಾಡುವವರು ಎಕರೆಗೆ 30,000 ಡಾಲರ್ ಕೊಡುವ ಜಮೀನು, ಬರೀ ಕೃಷಿಗೆಂದರೆ 12,000 ಡಾಲರ್ ಬಾಳುತ್ತದೆ ಅಂದುಕೊಳ್ಳಿ. ವ್ಯತ್ಯಾಸದ 18,000 ಡಾಲರ್ ಈಸ್ಮೆಂಟ್‌ನ ಬೆಲೆ. ಅದು ಹಿಂದಿನ ಮಾಲೀಕರ ಕೈ ಸೇರಿ ಎಷ್ಟೋ ವರ್ಷವಾಗಿದೆ. ನೀವು ಕೊಳ್ಳುತ್ತಿರುವುದು ಉಳಿದ 12,000ದ ಭಾಗವನ್ನು. ಅವರು ಆಗಲೇ ಮಾರಿಬಿಟ್ಟ ಹಕ್ಕು ನಿಮಗೆ ಬರುವುದು ಹೇಗೆ?

ಕರ್ನಾಟಕದ ಡಿಸಿ ಕನ್ವರ್ಷನ್ ತಲೆಯಲ್ಲಿಟ್ಟುಕೊಂಡು ನೋಡಿದರೆ ಇದು ಅರ್ಥವಾಗುವುದಿಲ್ಲ. ಅಲ್ಲಿ ಕೃಷಿ ಜಮೀನನ್ನು ಬೇರೆ ಬಳಕೆಗೆ ತರಲು 1964ರ ಭೂ ಕಂದಾಯ ಕಾಯ್ದೆಯಡಿ ಅರ್ಜಿ ಹಾಕಿ ಶುಲ್ಕ ಕಟ್ಟುವ ದಾರಿ ಇದೆ. ಇಲ್ಲಿ ಟೌನ್‌ಶಿಪ್‌ನವರು ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮ) ಬದಲಿಸಿದರೂ ಡೀಡ್ ಬದಲಾಗುವುದಿಲ್ಲ. ಹೋಲಿಸಲೇಬೇಕೆಂದರೆ ಪಿಟಿಸಿಎಲ್ ಜಮೀನನ್ನು (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು) ನೆನಪಿಸಿಕೊಳ್ಳಿ: ಉದ್ದೇಶ ಬೇರೆ, ಆದರೆ ಕೈ ಬದಲಾದರೂ ಷರತ್ತು ಜಮೀನಿಗೇ ಅಂಟಿಕೊಂಡಿರುತ್ತದೆ. ‘ನನಗೆ ಗೊತ್ತಿರಲಿಲ್ಲ’ ಅಂದರೆ ಯಾರೂ ಕೇಳುವುದಿಲ್ಲ.

ಇದು ಖಾಸಗಿ ಆಸ್ತಿ ಹಕ್ಕಿನ ಮೇಲೆ ದಾಳಿ ಅನ್ನುವವರು ಇದ್ದಾರೆ. ಒತ್ತಾಯವಿಲ್ಲದೆ, ದುಡ್ಡು ಪಡೆದು ಬರೆದುಕೊಟ್ಟದ್ದನ್ನು ದಾಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಕ್ಕನ್ನು ಮಾರುವುದೂ ಒಂದು ಹಕ್ಕೇ. ಆದರೆ ಅವರ ಇನ್ನೊಂದು ಮಾತಿನಲ್ಲಿ ಹುರುಳಿದೆ. ಅಜ್ಜ ಒಂದು ಸಹಿ ಹಾಕಿ ಹೋದರೆ ಮೊಮ್ಮಗನ ಮೊಮ್ಮಗನೂ ಅದಕ್ಕೆ ಬದ್ಧ. ದುಡ್ಡು ಉಂಡವರು ಒಬ್ಬರು, ಕಟ್ಟುಪಾಡು ಹೊತ್ತವರು ಇನ್ನೊಬ್ಬರು. ಕೊಳ್ಳುವವರಾಗಿ ನಿಮಗೆ ಈ ತಕರಾರು ಇಲ್ಲ, ಏಕೆಂದರೆ ನೀವು ರಿಯಾಯಿತಿ ಬೆಲೆಗೇ ಕೊಳ್ಳುತ್ತೀರಿ. ನಿಮ್ಮ ಮಕ್ಕಳಿಗೆ ಇರಬಹುದು.

ಏನೇನು ಕೈಯಲ್ಲಿರಬೇಕು

ಜಾಹೀರಾತಿನಲ್ಲಿರುವ ಬ್ಲಾಕ್ ಮತ್ತು ಲಾಟ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ), ನೋಂದಣಿಯಾದ ಡೀಡ್ ಆಫ್ ಈಸ್ಮೆಂಟ್‌ನ ಎಲ್ಲ ಪುಟಗಳು, ಅದರ ಜೊತೆಗಿನ ಸರ್ವೆ ನಕ್ಷೆ ಮತ್ತು ಅನುಬಂಧಗಳು, ಟೈಟಲ್ ವರದಿ (ಒಡೆತನದ ದಾಖಲೆಗಳ ಪರಿಶೀಲನೆ), ಈಗಿನ ಗುತ್ತಿಗೆದಾರನ ಕರಾರು ಇದ್ದರೆ ಅದು, ತೆರಿಗೆ ರಿಯಾಯಿತಿಗೆ ಸಲ್ಲಿಸಿದ ಹಳೆಯ ಎಫ್‌ಎ-1 ಅರ್ಜಿಗಳು. ಇವುಗಳ ಜೊತೆ ನೀವೇ ಕೂತು ಬರೆದ ಒಂದು ಹಾಳೆಯೂ ಬೇಕು: ಮುಂದಿನ ಇಪ್ಪತ್ತು ವರ್ಷದಲ್ಲಿ ಈ ಜಮೀನಿನಲ್ಲಿ ನೀವು ಏನೇನು ಮಾಡಬೇಕೆಂದಿದ್ದೀರಿ. ಹುಡುಗಾಟ ಅಂದುಕೊಳ್ಳಬೇಡಿ. ನಾಲ್ಕನೇ ಹಂತದಲ್ಲಿ ಈ ಹಾಳೆಯೇ ಮುಖ್ಯ.

1. ಯಾವ ಬಗೆಯ ‘ಪ್ರಿಸರ್ವ್ಡ್’ ಎಂದು ಖಚಿತ ಮಾಡಿಕೊಳ್ಳಿ

ಏಜೆಂಟರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಒಂದು, ಶಾಶ್ವತ ಈಸ್ಮೆಂಟ್. 1983ರ ಕೃಷಿ ಸಂರಕ್ಷಣೆ ಮತ್ತು ಅಭಿವೃದ್ಧಿ ಕಾಯ್ದೆಯಡಿ ಶುರುವಾದ ಈ ಯೋಜನೆಯಲ್ಲಿ ರಾಜ್ಯದ ಎರಡೂವರೆ ಲಕ್ಷ ಎಕರೆ ಮಿಕ್ಕ ಜಮೀನು ಸೇರಿದೆ. ಇದನ್ನು ನೋಡಿಕೊಳ್ಳುವುದು ಎಸ್‌ಎಡಿಸಿ ಎಂಬ ರಾಜ್ಯ ಕೃಷಿ ಅಭಿವೃದ್ಧಿ ಸಮಿತಿ, ಅದರ ಕೆಳಗೆ ಆಯಾ ಕೌಂಟಿಯ ಕೃಷಿ ಅಭಿವೃದ್ಧಿ ಮಂಡಳಿ. ಮುಂದೆ ‘ಮಂಡಳಿ’ ಅಂದರೆ ಈ ಕೌಂಟಿ ಮಂಡಳಿ.

ಎರಡು, ಎಂಟು ವರ್ಷದ ಒಪ್ಪಂದ. ಇದರಲ್ಲಿ ಮಾಲೀಕರು ಹಕ್ಕು ಮಾರಿರುವುದಿಲ್ಲ. ಮಣ್ಣು-ನೀರು ಸಂರಕ್ಷಣೆಯ ಅನುದಾನದಂಥ ಅನುಕೂಲಗಳಿಗಾಗಿ ಅಷ್ಟು ವರ್ಷ ಸೈಟ್ ಮಾಡುವುದಿಲ್ಲ ಎಂದು ಒಪ್ಪಿರುತ್ತಾರೆ. ಅವಧಿ ಮುಗಿದ ಮೇಲೆ ಜಮೀನು ಮೊದಲಿನಂತೆ.

ಮೂರು, ಫಾರ್ಮ್‌ಲ್ಯಾಂಡ್ ಅಸೆಸ್ಮೆಂಟ್. ಇದು 1964ರ ಕಾಯ್ದೆಯ ಆಸ್ತಿ ತೆರಿಗೆ ರಿಯಾಯಿತಿ, ಅಷ್ಟೇ. ಇದಕ್ಕೂ ಈಸ್ಮೆಂಟ್‌ಗೂ ಸಂಬಂಧವಿಲ್ಲ. ರಿಯಾಯಿತಿ ಇರುವ ಜಮೀನೆಲ್ಲ ಪ್ರಿಸರ್ವ್ಡ್ ಅಲ್ಲ. ಪ್ರಿಸರ್ವ್ಡ್ ಅಂದ ಮಾತ್ರಕ್ಕೆ ರಿಯಾಯಿತಿ ತಾನಾಗಿ ಸಿಗುವುದೂ ಇಲ್ಲ. ತಪ್ಪು ತಿಳಿವಳಿಕೆ ಅತಿ ಹೆಚ್ಚು ಇರುವುದು ಇಲ್ಲೇ.

ಇವಲ್ಲದೆ ವಾಯವ್ಯ ಭಾಗದಲ್ಲಿ 2004ರ ಹೈಲ್ಯಾಂಡ್ಸ್ ಕಾಯ್ದೆ, ದಕ್ಷಿಣದಲ್ಲಿ ಪೈನ್‌ಲ್ಯಾಂಡ್ಸ್ ನಿಯಮಗಳು ಪ್ರತ್ಯೇಕವಾಗಿ ಅನ್ವಯವಾಗುತ್ತವೆ. ಅವು ಪರಿಸರ ಉಳಿಸಲು ಸರ್ಕಾರ ಹೇರಿದ ನಿಯಮಗಳು, ಈಸ್ಮೆಂಟ್ ಅಂದರೆ ಜಮೀನಿನ ಮಾಲೀಕರೇ ಮಾರಿದ ಹಕ್ಕು. ಒಂದೇ ಜಮೀನಿನ ಮೇಲೆ ಎರಡೂ ಇರಬಹುದು.

2. ಡೀಡ್ ತರಿಸಿಕೊಳ್ಳಿ, ಸಾರಾಂಶವನ್ನಲ್ಲ

ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಡೀಡ್ ನೋಂದಣಿಯಾಗಿರುತ್ತದೆ. ಹೆಚ್ಚಿನ ಕೌಂಟಿಗಳ ದಾಖಲೆ ಆನ್‌ಲೈನಲ್ಲೇ ಹುಡುಕಬಹುದು. ಸಿಗದಿದ್ದರೆ ಬ್ಲಾಕ್, ಲಾಟ್ ನಂಬರ್ ಕೊಟ್ಟು ಮಂಡಳಿಗೆ ಒಂದು ಇಮೇಲ್ ಹಾಕಿ. ಏಜೆಂಟರು ಕೊಡುವ ಒಂದು ಪುಟದ ಸಾರಾಂಶ ನಂಬಬೇಡಿ. ಅದರಲ್ಲಿ ಸಾಮಾನ್ಯವಾಗಿ ‘ಒಂದು ಮನೆ ಕಟ್ಟಲು ಅವಕಾಶ’ ಎಂಬ ಸಾಲು ಇರುತ್ತದೆ. ಎಲ್ಲಿ, ಯಾರಿಗೆ, ಯಾವ ಷರತ್ತಿನ ಮೇಲೆ ಎಂಬುದು ಇರುವುದಿಲ್ಲ.

ಡೀಡ್‌ನ ತಾರೀಖು ಗಮನಿಸಿ. ತೊಂಬತ್ತರ ದಶಕದ ಡೀಡ್‌ನ ಭಾಷೆಗೂ ಇತ್ತೀಚಿನದಕ್ಕೂ ವ್ಯತ್ಯಾಸವಿದೆ. ಖರೀದಿಗೆ ಕೇಂದ್ರ ಸರ್ಕಾರದ ಕೃಷಿ ಇಲಾಖೆಯ ಹಣವೂ ಸೇರಿದ್ದರೆ ಷರತ್ತುಗಳು ಇನ್ನಷ್ಟು ಬಿಗಿ: ಛಾವಣಿ, ಕಾಂಕ್ರೀಟು ಎಂದು ನೀರು ಇಂಗದ ಹಾಗೆ ಮುಚ್ಚುವ ಜಾಗಕ್ಕೆ ಶೇಕಡಾವಾರು ಮಿತಿ ಇರುತ್ತದೆ. ಗ್ರೀನ್‌ಹೌಸ್ ಕನಸಿರುವವರು ಮೊದಲು ಇದನ್ನೇ ಹುಡುಕಿ.

3. ಮನೆ ಎಲ್ಲಿ ಕಟ್ಟಬಹುದು ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ನೋಡಿ

ಈ ಹಂತದಲ್ಲಿ ನಿಧಾನವಾಗಿ ಸಾಗಿ. ಮನೆಯ ವಿಷಯಕ್ಕೆ ಡೀಡ್‌ನಲ್ಲಿ ನಾಲ್ಕು ದಾರಿಗಳಿರಬಹುದು.

ಈಗಾಗಲೇ ಇರುವ ಮನೆ. ಈಸ್ಮೆಂಟ್ ಬರೆದ ದಿನ ಯಾವ ಯಾವ ಕಟ್ಟಡ ಇತ್ತು, ಯಾವುದರಲ್ಲಿ ಜನ ವಾಸವಾಗಿದ್ದರು ಎಂಬ ಪಟ್ಟಿ ಡೀಡ್‌ನಲ್ಲೇ ಇರುತ್ತದೆ. ಆಮೇಲೆ ಯಾರೋ ಕೊಟ್ಟಿಗೆಯ ಮೇಲೊಂದು ಅಪಾರ್ಟ್‌ಮೆಂಟ್ ಮಾಡಿ ಬಾಡಿಗೆಗೆ ಕೊಟ್ಟಿದ್ದರೆ ಅದು ಪಟ್ಟಿಯಲ್ಲಿರುವುದಿಲ್ಲ. ಜಮೀನಿನ ಜೊತೆ ಆ ತಕರಾರೂ ನಿಮ್ಮ ತಲೆಗೇ ಬರುತ್ತದೆ.

ಎಕ್ಸೆಪ್ಶನ್ ಏರಿಯಾ. ಇದು ಈಸ್ಮೆಂಟ್‌ಗೆ ಸೇರಿಸದೆ ಹೊರಗೆ ಬಿಟ್ಟ ತುಂಡು, ಸಾಮಾನ್ಯವಾಗಿ ಒಂದೆರಡು ಎಕರೆ. ಇದಕ್ಕೆ ಹಿಂದಿನವರು ದುಡ್ಡು ಪಡೆದಿರುವುದಿಲ್ಲ, ಹಾಗಾಗಿ ಕೃಷಿಯ ಕಟ್ಟುಪಾಡು ಇಲ್ಲಿಗೆ ಬರುವುದಿಲ್ಲ. ಇದರಲ್ಲೂ ಎರಡು ಬಗೆ. ‘ಸೆವರಬಲ್’ ಆದರೆ ಆ ತುಂಡನ್ನು ಬೇರೆ ಮಾಡಿ ಮಾರಬಹುದು. ‘ನಾನ್‌ಸೆವರಬಲ್’ ಆದರೆ ಅದು ಯಾವತ್ತೂ ಫಾರ್ಮ್‌ನ ಜೊತೆಗೇ. ಕೆಲವು ಡೀಡ್‌ಗಳಲ್ಲಿ ಹೊರಗಿಟ್ಟ ಜಾಗಕ್ಕೂ ‘ಒಂದೇ ಕುಟುಂಬದ ಒಂದೇ ಮನೆ’ ಎಂಬ ಷರತ್ತು, ಮನೆಯ ಗಾತ್ರಕ್ಕೆ ಮಿತಿ ಇರುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಸೆವರಬಲ್ ತುಂಡನ್ನು ಹಿಂದಿನವರು ಆಗಲೇ ಮಾರಿರಬಹುದು. ಡೀಡ್‌ನಲ್ಲಿ ಇದೆ, ನಿಮಗೆ ಬರುವ ಜಮೀನಿನಲ್ಲಿ ಇಲ್ಲ. ಇನ್ನೊಂದು, ಎಕ್ಸೆಪ್ಶನ್ ಇದ್ದರೂ ಮಣ್ಣು ಒಪ್ಪಬೇಕು. ಹಳ್ಳಿಗಾಡಿನಲ್ಲಿ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್ ಬೇಕು. ಮಣ್ಣಿನಲ್ಲಿ ನೀರು ಇಂಗುವ ಪರೀಕ್ಷೆ ಆ ಒಂದೆರಡು ಎಕರೆಯೊಳಗೇ ಪಾಸಾಗಬೇಕು. ಪಾಸಾಗದಿದ್ದರೆ ‘ಸ್ವಲ್ಪ ಆ ಕಡೆ ಜರುಗಿಸೋಣ’ ಅನ್ನುವ ಹಾಗಿಲ್ಲ. ಗೆರೆಯ ಆಚೆ ಈಸ್ಮೆಂಟ್ ಇದೆ.

ಆರ್‌ಡಿಎಸ್‌ಒ (ರೆಸಿಡ್ಯುಯಲ್ ಡ್ವೆಲಿಂಗ್ ಸೈಟ್ ಆಪರ್ಚುನಿಟಿ). ದೊಡ್ಡ ಫಾರ್ಮ್‌ಗಳಲ್ಲಿ ಸುಮಾರು 100 ಎಕರೆಗೆ ಒಂದರಂತೆ ಮುಂದೆ ಮನೆ ಕಟ್ಟಿಕೊಳ್ಳಲು ಉಳಿಸಿಕೊಂಡ ಅವಕಾಶ ಇದು. ಡೀಡ್‌ನಲ್ಲಿ ಬರೆದಿದ್ದರೆ ಮಾತ್ರ ಉಂಟು. ಜಾಗಕ್ಕೆ ಮಂಡಳಿಯ ಮತ್ತು ಎಸ್‌ಎಡಿಸಿಯ ಒಪ್ಪಿಗೆ ಬೇಕು. ಆ ಮನೆಯಲ್ಲಿ ಇರುವವರಲ್ಲಿ ಒಬ್ಬರಾದರೂ ಆ ಫಾರ್ಮ್‌ನ ಕೆಲಸದಲ್ಲಿ ನಿಯಮಿತವಾಗಿ ತೊಡಗಿರಬೇಕು. ಮ್ಯಾನ್‌ಹಟನ್‌ಗೆ ರೈಲು ಹಿಡಿಯುವ ದಂಪತಿಗೆ ಇದು ಹೊಂದುವುದು ಕಷ್ಟ.

ಕೂಲಿಯವರ ವಸತಿ. ಇದಕ್ಕೂ ಒಪ್ಪಿಗೆ ಬೇಕು. ನಮ್ಮವರು ವಿಶೇಷವಾಗಿ ಗಮನಿಸಬೇಕಾದ್ದು ಏನೆಂದರೆ, ಈ ಮನೆಯಲ್ಲಿ ಮಾಲೀಕರಾಗಲಿ, ಅವರ ಅಪ್ಪ-ಅಮ್ಮ, ಅತ್ತೆ-ಮಾವ, ಮಕ್ಕಳಾಗಲಿ ವಾಸ ಮಾಡುವಂತಿಲ್ಲ. ‘ಅಪ್ಪ ಅಮ್ಮ ಆರು ತಿಂಗಳು ಬಂದಾಗ ಇರೋಕೆ ಆಯ್ತು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಪ್ಪ ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ಕಳೆ ಕೀಳುತ್ತಾರೆ ಅಂದರೂ ಇಲ್ಲ.

4. ನಿಮ್ಮ ಹಾಳೆಯನ್ನು ಡೀಡ್‌ನ ಜೊತೆ ಸಾಲುಸಾಲಾಗಿ ತಾಳೆ ನೋಡಿ

ನಾಲ್ಕು ಮನೆಯವರು ಸೇರಿ ಕೊಂಡು ಹಂಚಿಕೊಳ್ಳುವುದು. ಇದಂತೂ ಎಲ್ಲರೂ ಕೇಳುವ ಪ್ರಶ್ನೆ. ಲಿಖಿತ ಒಪ್ಪಿಗೆ ಇಲ್ಲದೆ ಜಮೀನು ಭಾಗ ಮಾಡುವಂತಿಲ್ಲ. ಭಾಗವಾದ ಮೇಲೂ ಪ್ರತಿ ತುಂಡು ತನ್ನಷ್ಟಕ್ಕೆ ಕೃಷಿಗೆ ಗಿಟ್ಟುವಂತಿರಬೇಕು, ಭಾಗ ಮಾಡುವ ಕಾರಣವೂ ಕೃಷಿಯದೇ ಆಗಿರಬೇಕು. ನಲವತ್ತು ಎಕರೆಯನ್ನು ಹತ್ತತ್ತು ಎಕರೆ ಮಾಡುತ್ತೇವೆ ಅಂದರೆ ಆಗದ ಮಾತು. ಕಂಪನಿ ಮಾಡಿ ಜಂಟಿಯಾಗಿ ಕೊಳ್ಳಬಹುದು, ಆದರೆ ಮನೆಗಳ ಸಂಖ್ಯೆ ಹೆಚ್ಚುವುದಿಲ್ಲ. ನಾಲ್ಕು ಕುಟುಂಬ, ಒಂದೇ ಮನೆ. ಸ್ನೇಹ ಎಷ್ಟು ಗಟ್ಟಿ ಎಂಬುದು ನಿಮಗೇ ಗೊತ್ತು.

ಗ್ರೀನ್‌ಹೌಸ್, ಪಾಲಿಹೌಸ್. ಇವು ಕೃಷಿ ಕಟ್ಟಡಗಳೇ, ಕಟ್ಟಬಹುದು. ಆದರೆ ಮಣ್ಣಿಗೆ ಕೈ ಹಾಕುವ ಮುನ್ನ ಹಂಟರ್ಡನ್ ಕೌಂಟಿಯ ಕ್ವೇಕರ್ ವ್ಯಾಲಿ ಫಾರ್ಮ್ಸ್ ಪ್ರಕರಣ ತಿಳಿದಿರಲಿ. ಸುಮಾರು 120 ಎಕರೆಯ ಪ್ರಿಸರ್ವ್ಡ್ ಫಾರ್ಮ್ ಅದು. ಹೂವು ಬೆಳೆಯಲು ಪಾಲಿಹೌಸ್ ಹಾಕಬೇಕೆಂದು ಮಾಲೀಕರು ಸುಮಾರು 20 ಎಕರೆ ಒಳ್ಳೆಯ ಮಣ್ಣಿನ ಜಾಗವನ್ನು ಅಗೆದು ಮಟ್ಟ ಮಾಡಿದರು. ಕೃಷಿಗಾಗಿಯೇ ಮಾಡಿದ್ದು, ಪಾಲಿಹೌಸ್‌ಗೆ ಡೀಡ್‌ನಲ್ಲಿ ಅವಕಾಶವಿದೆ ಎಂಬುದು ಅವರ ವಾದ. ಅದೇ ಡೀಡ್‌ನಲ್ಲಿ ಮಣ್ಣಿನ ಸಂರಕ್ಷಣೆಗೆ ಧಕ್ಕೆ ತರುವ ಯಾವ ಕೆಲಸವೂ ಕೂಡದು ಎಂಬ ಮಾತೂ ಇದೆ ಎಂದು ರಾಜ್ಯ ಹೇಳಿತು. 2018ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು: ಪಾಲಿಹೌಸ್ ಹಾಕುವ ಹಕ್ಕಿದೆ, ಆದರೆ ಅದಕ್ಕಾಗಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಒಳ್ಳೆಯ ಮಣ್ಣನ್ನೇ ಹಾಳುಮಾಡುವ ಹಕ್ಕಿಲ್ಲ. ಅದೇ ಕೋರ್ಟು, ಎಷ್ಟರ ಮಟ್ಟಿಗೆ ಮಣ್ಣು ಕದಲಿಸಬಹುದು ಎಂದು ರೈತರಿಗೆ ಸ್ಪಷ್ಟ ಮಾರ್ಗಸೂಚಿ ಬೇಕು ಎಂದೂ ಹೇಳಿತು. ಜೆಸಿಬಿ ಕರೆಸುವ ಮುಂಚೆ ಈಗಿನ ಮಣ್ಣು ಸಂರಕ್ಷಣೆ ನಿಯಮದ ಮಿತಿಯನ್ನು ಮಂಡಳಿಯಿಂದ ಕೇಳಿ ಪಡೆಯಿರಿ. ಜಲ್ಲಿ ಹಾಸುವುದು, ಪಾರ್ಕಿಂಗ್ ಮಾಡುವುದು, ಹೊಂಡ ತೋಡುವುದು ಎಲ್ಲಕ್ಕೂ ಇದೇ ಮಾತು. ಮೇಲ್ಮಣ್ಣು, ಮರಳು ತೆಗೆದು ಮಾರುವುದಂತೂ ದೂರ ಉಳಿಯಿತು.

ಮದುವೆ, ಗಣೇಶೋತ್ಸವ, ಸಂಘದ ಪಿಕ್ನಿಕ್. ನಿಮ್ಮ ಮನೆಯವರು, ನೆಂಟರು ಸೇರಿ ಹಬ್ಬ ಮಾಡಿದರೆ ಯಾರೂ ಕೇಳುವುದಿಲ್ಲ. ಬಾಡಿಗೆಗೆ ಕೊಡುವ ಲೆಕ್ಕ ಬಂದಾಗ 2023ರ ಕಾಯ್ದೆ ನೋಡಬೇಕು. ಅದರ ಪ್ರಕಾರ ಒಪ್ಪಿಗೆ ಪಡೆದು ವರ್ಷಕ್ಕೆ 26 ಕಾರ್ಯಕ್ರಮಗಳವರೆಗೆ ನಡೆಸಬಹುದು. ಅವುಗಳಲ್ಲಿ 250 ಅಥವಾ ಹೆಚ್ಚು ಜನ ಸೇರುವಂಥವು 6 ಮಾತ್ರ. ಫಾರ್ಮ್‌ನಿಂದ ವರ್ಷಕ್ಕೆ ಕನಿಷ್ಠ 10,000 ಡಾಲರ್‌ನ ಕೃಷಿ ಉತ್ಪನ್ನ ಬಂದಿರಬೇಕು. ಇದಕ್ಕೆಂದೇ ಶಾಶ್ವತ ಮಂಟಪ ಕಟ್ಟಲು ಬರುವುದಿಲ್ಲ. ಕೊಟ್ಟಿಗೆಯನ್ನು ಕಲ್ಯಾಣ ಮಂಟಪ ಮಾಡುವ ಯೋಚನೆಯಿಂದಲೇ ಕೊಳ್ಳುವುದಾದರೆ ಬೇರೆ ಜಮೀನು ನೋಡಿ.

ದೇವಸ್ಥಾನ, ಯೋಗ ಕೇಂದ್ರ, ಶಾಲೆ. ಈಸ್ಮೆಂಟ್ ಇರುವ ಜಾಗದಲ್ಲಿ ಇಲ್ಲ. ಕ್ರಿಕೆಟ್ ಮೈದಾನವೂ ಇಲ್ಲ. ಆಟದ ಮೈದಾನ, ಗಾಲ್ಫ್ ಕೋರ್ಸ್ ಬೇಡ ಎಂದು ಡೀಡ್‌ನಲ್ಲೇ ಬರೆದಿರುತ್ತದೆ.

ದಾರಿಬದಿಯ ಮಾರಾಟ. ಮೆಂತ್ಯ, ಹೀರೆಕಾಯಿ, ಹಸಿಮೆಣಸು ಬೆಳೆದು ಗೇಟಿನ ಹತ್ತಿರ ಮಾರುವುದಕ್ಕೆ ಅಡ್ಡಿಯಿಲ್ಲ. ನೆರೆಹೊರೆಯವರ ತಕರಾರಿನಿಂದ ಕೃಷಿಕರನ್ನು ಕಾಪಾಡುವ ರಾಜ್ಯದ ರೈಟ್ ಟು ಫಾರ್ಮ್ ಕಾಯ್ದೆಯ ರಕ್ಷಣೆ ಬೇಕಾದರೆ ಮಾರಾಟದ ಮೊತ್ತದಲ್ಲಿ ಅಥವಾ ಮಾರಾಟದ ಜಾಗದಲ್ಲಿ ಶೇ. 51 ಭಾಗ ನಿಮ್ಮದೇ ಬೆಳೆಯದ್ದಾಗಿರಬೇಕು. ಹೊರಗಿನಿಂದ ಸೋನಾ ಮಸೂರಿ ಮೂಟೆ ತಂದಿಟ್ಟರೆ ಅದು ದಿನಸಿ ಅಂಗಡಿ.

ಸೋಲಾರ್. ಫಾರ್ಮ್‌ನ ಹಿಂದಿನ ವರ್ಷದ ವಿದ್ಯುತ್ ಬಳಕೆಗಿಂತ ಶೇ. 10 ಹೆಚ್ಚು ಉತ್ಪಾದಿಸುವವರೆಗೆ, ಇಲ್ಲವೇ ಫಾರ್ಮ್‌ನ ಶೇ. 1 ಜಾಗದವರೆಗೆ. ಇದಕ್ಕೂ ಎಸ್‌ಎಡಿಸಿ ಒಪ್ಪಿಗೆ ಬೇಕು.

ಹಸು, ಕುರಿ, ಕೋಳಿ, ಜೇನು, ಹುಲ್ಲು, ಹಣ್ಣಿನ ತೋಟ: ಇವೆಲ್ಲ ಕೃಷಿಯೇ. ಏನು ಬೆಳೆಯಬೇಕೆಂದು ಡೀಡ್ ಹೇಳುವುದಿಲ್ಲ.

5. ಸಹಿ ಹಾಕುವ ಮುಂಚೆ ಮಂಡಳಿಯಿಂದ ಲಿಖಿತವಾಗಿ ಕೇಳಿ

ತಾಳೆ ನೋಡಿದ ಮೇಲೆ ಉಳಿಯುವ ಅನುಮಾನಗಳನ್ನು ಪಟ್ಟಿ ಮಾಡಿ ಮಂಡಳಿಗೆ ಇಮೇಲ್ ಮಾಡಿ. ಮೂರು ವಿಷಯ ತಪ್ಪದೆ ಕೇಳಿ: ಈಚಿನ ವಾರ್ಷಿಕ ತಪಾಸಣೆಯಲ್ಲಿ ಉಲ್ಲಂಘನೆ ಏನಾದರೂ ದಾಖಲಾಗಿದೆಯೇ, ಆರ್‌ಡಿಎಸ್‌ಒ ಬಳಕೆಯಾಗಿದೆಯೇ ಉಳಿದಿದೆಯೇ, ಎಕ್ಸೆಪ್ಶನ್‌ನ ಗಡಿ ಸರ್ವೆಯಲ್ಲಿ ಎಲ್ಲಿದೆ. ಮಂಡಳಿಯ ಸಿಬ್ಬಂದಿ ಫೋನಿನಲ್ಲಿ ಸೌಜನ್ಯದಿಂದಲೇ ಉತ್ತರಿಸುತ್ತಾರೆ. ಆದರೂ ಬರಹದಲ್ಲಿರುವುದಕ್ಕೇ ಬೆಲೆ.

ಖರೀದಿ ಕರಾರಿನಲ್ಲಿ ಷರತ್ತುಗಳನ್ನು ಹಾಕಿಸಿ: ಸೆಪ್ಟಿಕ್ ಪರೀಕ್ಷೆ ಪಾಸಾದರೆ, ಹಳೆಯ ಉಲ್ಲಂಘನೆಗಳನ್ನು ಮಾರುವವರು ಸರಿಪಡಿಸಿದರೆ, ಮಂಡಳಿಯ ಉತ್ತರ ತೃಪ್ತಿಕರವಾಗಿದ್ದರೆ ಮಾತ್ರ ಮುಂದುವರಿಯುತ್ತೇವೆ, ಇಲ್ಲದಿದ್ದರೆ ಮುಂಗಡ ವಾಪಸು. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆ ಎಂದು ಏಜೆಂಟರು ಅವಸರ ಮಾಡಬಹುದು. ಕಾಯಲಿ.

6. ಕೊಳ್ಳುವವರು ಯಾರು ಎಂಬುದೂ ಮುಖ್ಯ: ವೀಸಾದಲ್ಲಿರುವವರು ಓದಿ

ಎನ್‌ಆರ್‌ಐಗಳು, ಓಸಿಐ ಕಾರ್ಡಿನವರು ಭಾರತದಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತು. ಪಿತ್ರಾರ್ಜಿತವಾಗಿ ಬಂದರೆ ಸರಿ. ಅಮೆರಿಕದಲ್ಲೂ ಒಂದು ನಿಯಮ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1978ರ ಎಎಫ್‌ಐಡಿಎ ಕಾಯ್ದೆಯ ಪ್ರಕಾರ, ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರು ಕೃಷಿ ಜಮೀನು ಕೊಂಡರೆ 90 ದಿನಗಳೊಳಗೆ ಎಫ್‌ಎಸ್‌ಎ-153 ಎಂಬ ಫಾರಂನಲ್ಲಿ ಕೇಂದ್ರ ಕೃಷಿ ಇಲಾಖೆಗೆ ತಿಳಿಸಬೇಕು. ಎಚ್-1ಬಿ ವೀಸಾದವರೂ ಇದರಲ್ಲಿ ಸೇರುತ್ತಾರೆ. ಕೊಳ್ಳುವುದಕ್ಕೆ ತಡೆಯಿಲ್ಲ, ತಿಳಿಸಬೇಕಷ್ಟೆ. ತಿಳಿಸದಿದ್ದರೆ ದಂಡ ಜಮೀನಿನ ಬೆಲೆಯ ಶೇ. 25ರವರೆಗೂ ಹೋಗಬಹುದು. ಇನ್ನು ಎಚ್-1ಬಿಯಲ್ಲಿದ್ದುಕೊಂಡು ನೀವೇ ಬೆಳೆದು ಮಾರಿ ಆದಾಯ ತೆಗೆಯುವುದು ವಲಸೆ ಕಾನೂನಿನ ಪ್ರಶ್ನೆ. ಅದಕ್ಕೆ ಇಮಿಗ್ರೇಷನ್ ವಕೀಲರನ್ನೇ ಕೇಳಿ.

7. ಸಾಲ, ತೆರಿಗೆ

ಸಾಮಾನ್ಯ ಹೋಂ ಲೋನ್ ಕೊಡುವವರು ಡೀಡ್ ರಿಸ್ಟ್ರಿಕ್ಷನ್ ನೋಡಿದ ಕೂಡಲೇ ಹಿಂದೆ ಸರಿಯುವುದುಂಟು. ಕೃಷಿ ಸಾಲ ಸಹಕಾರಿಯಾದ ಫಾರ್ಮ್ ಕ್ರೆಡಿಟ್ ಈಸ್ಟ್‌ನಂಥವರಿಗೆ ಈ ಬಗೆಯ ಜಮೀನು ಹೊಸದಲ್ಲ. ಕರಾರಿಗೆ ಮುಂಚೆಯೇ ಸಾಲದವರಿಗೆ ಡೀಡ್‌ನ ಪ್ರತಿ ಕಳುಹಿಸಿ.

ತೆರಿಗೆ ರಿಯಾಯಿತಿ ಉಳಿಸಿಕೊಳ್ಳಬೇಕಾದರೆ ಕನಿಷ್ಠ 5 ಎಕರೆ ಕೃಷಿಯಲ್ಲಿರಬೇಕು. ಮೊದಲ 5 ಎಕರೆಗೆ ವರ್ಷಕ್ಕೆ 1,000 ಡಾಲರ್, ಆಮೇಲಿನ ಪ್ರತಿ ಎಕರೆಗೆ 5 ಡಾಲರ್‌ನಷ್ಟು ಮಾರಾಟ ಇರಬೇಕು. 30 ಎಕರೆ ಸಾಗುವಳಿ ಜಮೀನಿಗೆ 1,125 ಡಾಲರ್ ಆಯಿತು. ದೊಡ್ಡ ಮೊತ್ತವಲ್ಲ, ಪಕ್ಕದ ರೈತನಿಗೆ ಹುಲ್ಲು ಬೆಳೆಯಲು ಕೊಟ್ಟರೂ ದಾಟುತ್ತದೆ. ಕೈ ಕೊಡುವುದು ಕಾಗದಪತ್ರ: ಎಫ್‌ಎ-1 ಅರ್ಜಿ ಪ್ರತಿ ವರ್ಷ ಆಗಸ್ಟ್ 1ರೊಳಗೆ, ಮುಂದಿನ ವರ್ಷದ ತೆರಿಗೆಗಾಗಿ, ಟೌನ್‌ಶಿಪ್‌ನ ಅಸೆಸರ್‌ಗೆ (ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಅಧಿಕಾರಿ) ಸಲ್ಲಬೇಕು. ಹಿಂದಿನ ಎರಡು ವರ್ಷವೂ ಜಮೀನು ಕೃಷಿಯಲ್ಲಿರಬೇಕಾದ್ದರಿಂದ, ಕೊಂಡ ವರ್ಷ ‘ಮುಂದಿನ ಸಲ ನೋಡೋಣ’ ಎಂದು ಪಾಳು ಬಿಟ್ಟರೆ ಕೊಂಡಿ ಕಳಚುತ್ತದೆ. ಮನೆ ಮತ್ತು ಅದರ ಅಂಗಳಕ್ಕೆ ರಿಯಾಯಿತಿ ಇಲ್ಲ, ಪೂರ್ತಿ ತೆರಿಗೆ.

8. ಕೊಂಡ ಮೇಲೆ

ಮಂಡಳಿಯವರು ಕನಿಷ್ಠ 24 ಗಂಟೆ ಮುಂಚೆ ತಿಳಿಸಿ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ನೀವೂ ಜೊತೆಗೆ ನಡೆದು ತೋರಿಸಿ. ಹೊಸ ಶೆಡ್, ಹೊಸ ಜಲ್ಲಿ ರಸ್ತೆ, ಮೂಲೆಯಲ್ಲಿ ರಾಶಿ ಬಿದ್ದ ಹಳೆಯ ಸಾಮಾನು, ಇವನ್ನೇ ಅವರು ಮೊದಲು ನೋಡುವುದು. ಸ್ವಂತ ಲ್ಯಾಂಡ್‌ಸ್ಕೇಪಿಂಗ್ ವ್ಯವಹಾರದ ಟ್ರಕ್ಕುಗಳನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವುದೂ ಕೃಷಿಯೇತರ ಬಳಕೆಯಾಗಬಹುದು.

ನೀವು ಮಾರುವಾಗಲೋ ಮಕ್ಕಳ ಹೆಸರಿಗೆ ಮಾಡುವಾಗಲೋ ಹೊಸ ಪತ್ರದಲ್ಲಿ ಈಸ್ಮೆಂಟ್‌ನ ಉಲ್ಲೇಖ ಇರಲೇಬೇಕು. ಮಕ್ಕಳಿಬ್ಬರಿಗೆ ಅರ್ಧರ್ಧ ಎಂದು ವಿಲ್ ಬರೆಯಬೇಡಿ. ಭಾಗ ಮಾಡಲು ಒಪ್ಪಿಗೆ ಸಿಗದಿದ್ದರೆ ಅವರಿಬ್ಬರೂ ಒಂದೇ ಜಮೀನಿಗೆ ಜಂಟಿ ಮಾಲೀಕರಾಗಿ ಉಳಿಯುತ್ತಾರೆ. ಒಬ್ಬರಿಗೆ ಜಮೀನು, ಇನ್ನೊಬ್ಬರಿಗೆ ಬೇರೇನಾದರೂ ಎಂದು ಮೊದಲೇ ಯೋಚಿಸಿ.

ಈಗಾಗಲೇ ಜಮೀನು ಇರುವವರಿಗೆ

ಈಸ್ಮೆಂಟ್ ಇಲ್ಲದ ಫಾರ್ಮ್ ನಿಮ್ಮದಾಗಿದ್ದು, ಹಕ್ಕು ಮಾರಬೇಕೆಂದಿದ್ದರೆ ಮಂಡಳಿಗೆ ಅರ್ಜಿ ಹಾಕಿ. ಇಬ್ಬರು ಸ್ವತಂತ್ರ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ, ಎಸ್‌ಎಡಿಸಿ ಅದನ್ನು ದೃಢೀಕರಿಸುತ್ತದೆ. ಹಣವನ್ನು ರಾಜ್ಯ, ಕೌಂಟಿ, ಎಷ್ಟೋ ಕಡೆ ಟೌನ್‌ಶಿಪ್ ಸೇರಿ ಕೊಡುತ್ತವೆ. ವರ್ಷದ ಮೇಲೆ ಹಿಡಿಯುವ ಕೆಲಸ. ಅಡಮಾನ ಇದ್ದರೆ ಬ್ಯಾಂಕು ತನ್ನ ಹಕ್ಕನ್ನು ಈಸ್ಮೆಂಟ್‌ನ ಕೆಳಗೆ ಇಡಲು ಒಪ್ಪಬೇಕು. ಅದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ, ಮೊದಲೇ ಕೇಳಿಡಿ.

ಬೆಲೆಗಿಂತ ಕಡಿಮೆಗೆ ಮಾರಿದರೆ ಬಿಟ್ಟುಕೊಟ್ಟ ಭಾಗವನ್ನು ದಾನವೆಂದು ಆದಾಯ ತೆರಿಗೆಯಲ್ಲಿ ತೋರಿಸಬಹುದು. ವರ್ಷದ ಆದಾಯದ ಶೇ. 50ರವರೆಗೆ, ಆದಾಯದ ಹೆಚ್ಚು ಪಾಲು ಕೃಷಿಯಿಂದಲೇ ಬರುವವರಿಗೆ ಶೇ. 100ರವರೆಗೆ, ಉಳಿದದ್ದನ್ನು ಮುಂದಿನ 15 ವರ್ಷಗಳಿಗೆ ಒಯ್ಯಬಹುದು. ‘ನಮ್ಮ ಕಂಪನಿಯಲ್ಲಿ ಒಂದು ಡಾಲರ್ ಹಾಕಿ, ಈಸ್ಮೆಂಟ್ ದಾನದಿಂದ ನಾಲ್ಕು ಡಾಲರ್ ಕಡಿತ ಪಡೆಯಿರಿ’ ಎಂದು ಯಾರಾದರೂ ಹೂಡಿಕೆ ಕೇಳಿಕೊಂಡು ಬಂದರೆ ಹತ್ತಿರ ಸೇರಿಸಬೇಡಿ. ಹೂಡಿಕೆಯ ಎರಡೂವರೆ ಪಟ್ಟು ದಾಟುವ ಇಂಥ ಕಡಿತಗಳಿಗೆ 2022ರ ಕೊನೆಯಲ್ಲೇ ಕೇಂದ್ರ ಕಾಯ್ದೆ ತಡೆ ಹಾಕಿದೆ.

ಎಕ್ಸೆಪ್ಶನ್ ಏರಿಯಾ ಕೇಳುವುದಾದರೆ ಅರ್ಜಿಯ ಹಂತದಲ್ಲೇ ಕೇಳಿ. ಸಹಿ ಬಿದ್ದ ಮೇಲೆ ‘ಮಗಳಿಗೊಂದು ಮನೆಗೆ ಜಾಗ ಬಿಟ್ಟಿರಬೇಕಿತ್ತು’ ಅಂದರೆ ತೆರೆಯುವ ಬಾಗಿಲಲ್ಲ ಅದು. ಕೇಳುವ ಮುಂಚೆ ಆ ಜಾಗದಲ್ಲೇ ಸೆಪ್ಟಿಕ್ ಪರೀಕ್ಷೆ ಮಾಡಿಸಿ. ಹೊರಗಿಟ್ಟ ಎಕರೆಗೆ ದುಡ್ಡು ಬರುವುದಿಲ್ಲ, ಹಾಗಾಗಿ ಎಷ್ಟು ಬೇಕೋ ಅಷ್ಟೇ ಇಡಿ.

ಇಲ್ಲಿ ಹೇಳಿದ್ದು ನ್ಯೂಜೆರ್ಸಿಗೆ ಮಾತ್ರ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ಗಳ ನಿಯಮ ಬೇರೆ. ಉದಾಹರಣೆಗೆ ಮೇರಿಲ್ಯಾಂಡ್ ರಾಜ್ಯದ ಯೋಜನೆಯ ಹಳೆಯ ಈಸ್ಮೆಂಟ್‌ಗಳಲ್ಲಿ 25 ವರ್ಷದ ನಂತರ ರದ್ದು ಕೋರುವ ಅವಕಾಶವಿತ್ತು. 2004ರ ಅಕ್ಟೋಬರ್‌ನಿಂದ ಈಚಿನವಕ್ಕೆ ಅದಿಲ್ಲ. ಅಲ್ಲಿ ಜಮೀನು ನೋಡುತ್ತಿರುವವರು ಡೀಡ್‌ನ ತಾರೀಖಿನಿಂದಲೇ ಓದಲು ಶುರುಮಾಡಿ.